ಆಡಳಿತದ ಉತ್ತರದಾಯಿತ್ವ: ಮಂಡ್ಯ, ಮದ್ದೂರು, ಮಳವಳ್ಳಿ

ಕಂದಾಯವಾಗಿ, ತೆರಿಗೆಯಾಗಿ ಜನರಿಂದ ಬಂದ ಹಣಕ್ಕೂ ಜನರ ಹೆಸರಿನಲ್ಲಿ ನಡೆಸಿದ ಅಧಿಕಾರಕ್ಕೂ ಸರ್ಕಾರ ಲೆಕ್ಕ ಒಪ್ಪಿಸಬೇಕೆಂಬ ತತ್ತ್ವವೇ ಆಡಳಿತದ ಉತ್ತರದಾಯಿತ್ವ. ಹಾಗೆ ಲೆಕ್ಕ ಕೇಳಲು ಬೇಕಾದ ಕಾನೂನು ಮತ್ತು ಸಂಸ್ಥೆಗಳೂ ಈ ಹೆಸರಿನೊಳಗೇ ಬರುತ್ತವೆ. ಇದಕ್ಕೆ ಮೂರು ಮುಖಗಳಿವೆ. ಒಂದು, ಖರ್ಚಿನ ತಪಾಸಣೆ. ಎರಡು, ಅಧಿಕಾರ ದುರ್ಬಳಕೆಯ ವಿಚಾರಣೆ. ಮೂರು, ಆ ವಿಚಾರಣೆಯೇ ಒಂದು ಪಕ್ಷದ ಕೈಯಲ್ಲಿ ಆಯುಧವಾಗದಂತೆ ಕಾಯುವುದು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗಳು ನಾಲೆಯ ನೀರು, ಕಬ್ಬಿನ ಬಾಕಿ, ಪಹಣಿ, ಪಂಚಾಯಿತಿ ಕಾಮಗಾರಿಗಳ ರೂಪದಲ್ಲಿ ಎದ್ದಿವೆ. ಮೈಸೂರು ಜಿಲ್ಲೆಯ ಭಾಗವಾಗಿದ್ದ ಈ ತಾಲ್ಲೂಕುಗಳು 1939ರಲ್ಲಿ ಮಂಡ್ಯ ಜಿಲ್ಲೆಗೆ ಸೇರಿದವು.

ಜಮಾಬಂದಿ ಎಂಬ ಮಾತು

ಈ ಚರಿತ್ರೆಯನ್ನು ಒಂದೇ ಮಾತಿನಲ್ಲಿ ಹಿಡಿಯುವುದಾದರೆ ಅದು ‘ಜಮಾಬಂದಿ’. ಸಂಸ್ಥಾನದ ಕಾಲದಲ್ಲಿ ಜಮಾಬಂದಿ ಎಂದರೆ ರೈತನ ತಪಾಸಣೆ. ಶಾನುಭೋಗರ ಖಾತೆ ಪುಸ್ತಕ ಮುಂದಿಟ್ಟುಕೊಂಡು, ಯಾವ ರೈತ ಎಷ್ಟು ಕಟ್ಟಬೇಕು, ಎಷ್ಟು ಬಾಕಿ ಉಳಿಸಿಕೊಂಡಿದ್ದಾನೆ ಎಂದು ಕಂದಾಯದ ಅಧಿಕಾರಿ ವರ್ಷಕ್ಕೊಮ್ಮೆ ನಿಗದಿ ಮಾಡುತ್ತಿದ್ದ. ಇಂದು ಅದೇ ಹೆಸರಿನ ಸಭೆ ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ವರ್ಷ ನಡೆಯಬೇಕು. ಅಲ್ಲಿ ಪಂಚಾಯಿತಿಯೇ ತನ್ನ ಜಮಾ-ಖರ್ಚು, ಕಾಮಗಾರಿ, ಆಸ್ತಿಗಳ ವಿವರವನ್ನು ಊರಿನವರ ಮುಂದೆ ಇಡಬೇಕು. ಮೊದಲು ಉತ್ತರ ಕೊಡುತ್ತಿದ್ದವನು ರೈತ, ಈಗ ಉತ್ತರ ಕೊಡಬೇಕಾದವರು ಅಧಿಕಾರದಲ್ಲಿರುವವರು. ಈ ಅದಲು ಬದಲು ತಾನಾಗಿ ಆದದ್ದಲ್ಲ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಹೋರಾಟ ಮತ್ತು ಕಾನೂನುಗಳ ಪರಂಪರೆಯಿದೆ.

ಸಂಸ್ಥಾನದ ಕಾಲ

ಲೆಕ್ಕವಿಲ್ಲದ ಅಧಿಕಾರದ ಕಹಿಯನ್ನು ಮೈಸೂರು ಸಂಸ್ಥಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಉಂಡಿತ್ತು. ತಾಲ್ಲೂಕಿನಿಂದ ಇಷ್ಟು ಹಣ ಕಟ್ಟಿಯೇ ತೀರಬೇಕೆಂದು ಅಮಲ್ದಾರರನ್ನು ಶರ್ತಿಗೆ ಕಟ್ಟಿಹಾಕುವ ಪದ್ಧತಿ ಆಗ ಜಾರಿಯಲ್ಲಿತ್ತು. ಅಮಲ್ದಾರ ಆ ಹೊರೆಯನ್ನು ರೈತನ ಹೆಗಲಿಗೆ ದಾಟಿಸುತ್ತಿದ್ದ. 1830ರಲ್ಲಿ ನಗರ ಸೀಮೆಯಲ್ಲಿ ಭುಗಿಲೆದ್ದ ರೈತರ ದಂಗೆಗೆ ಇದೂ ಒಂದು ಮುಖ್ಯ ಕಾರಣ. ದಂಗೆಯನ್ನೇ ಮುಂದುಮಾಡಿ ಬ್ರಿಟಿಷರು 1831ರಲ್ಲಿ ಆಡಳಿತವನ್ನು ಕೈಗೆ ತೆಗೆದುಕೊಂಡು, ಐವತ್ತು ವರ್ಷ ಬಿಟ್ಟುಕೊಡಲಿಲ್ಲ.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ ದಿವಾನ್ ಸಿ. ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಆ ವರ್ಷ ಅಕ್ಟೋಬರ್ 7ರಂದು 144 ಮಂದಿ ಸೇರಿದ್ದ ಸಭೆಯ ಮುಂದೆ ದಿವಾನರು ಆಡಳಿತದ ವರದಿ ಓದಿದರು. ಸದಸ್ಯರು ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳಬಹುದಿತ್ತು. ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರ ಅವರಿಗಿರಲಿಲ್ಲ. ಜಮೀನ್ದಾರರು, ವರ್ತಕರು ಮುಂತಾದ ಉಳ್ಳವರಿಗಷ್ಟೇ ಅಲ್ಲಿ ಜಾಗ. ಆದರೂ ದಿವಾನರು ವರ್ಷಕ್ಕೊಮ್ಮೆ ಎದ್ದು ನಿಂತು ಪ್ರಜೆಗಳಿಗೆ ವರದಿ ಒಪ್ಪಿಸುವ ರೂಢಿ ನೆಲೆಯೂರಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಗಳಿಂದ ಎರಡೂ ಸಭೆಗಳ ಅಧಿಕಾರ ಹಿಗ್ಗಿ, ಬಜೆಟ್ ಚರ್ಚೆಗೆ ಕಾನೂನಿನ ಬಲ ದೊರೆಯಿತು.

ನಾಲೆಯ ಲೆಕ್ಕ, ಬಾವುಟದ ಲೆಕ್ಕ

ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ಬಲದಂಡೆ, ಎಡದಂಡೆಗಳಲ್ಲಿ ಹೊರಟ ನಾಲೆಗಳಲ್ಲಿ ದೊಡ್ಡದಾದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳಿಗೆ ನೀರು ತಂದಿತು. ರಾಗಿ ಬೆಳೆಯುತ್ತಿದ್ದ ಬೆದ್ದಲು ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ಹಾಕಿದ ಬಂಡವಾಳ ಮರಳಿ ಬರಬೇಕೆಂದು ಸರ್ಕಾರ ನೀರು ಪಡೆದ ಜಮೀನಿನ ಮೇಲೆ ವಂತಿಗೆ ಹೇರಿತು. ಯಾವ ಬ್ಲಾಕಿನಲ್ಲಿ ಯಾವ ವರ್ಷ ಕಬ್ಬು, ಯಾವ ವರ್ಷ ಭತ್ತ, ಯಾವ ವರ್ಷ ಅರೆ ಖುಷ್ಕಿ ಎಂಬುದನ್ನೂ ತಾನೇ ಗೊತ್ತುಮಾಡಿತು. 1930ರ ದಶಕದ ಆರಂಭ ಜಗತ್ತಿಗೆಲ್ಲ ಬೆಲೆ ಕುಸಿದ ಕಾಲ. ಅಂಥ ಹೊತ್ತಿನಲ್ಲಿ ವಂತಿಗೆಯ ಭಾರ ತಾಳಲಾರದೆ ನಾಲಾ ಬಯಲಿನ ರೈತರು ಚಳವಳಿಗೆ ಇಳಿದರು. ಮದ್ದೂರು ಸೀಮೆಯ ಎಚ್.ಕೆ. ವೀರಣ್ಣಗೌಡರು ಮೊದಲಾದವರು ಅದರ ಮುಂದಾಳುಗಳಾದರು. ಕಟ್ಟೆ ಬೇಡವೆಂದು ಅವರು ಹೇಳಲಿಲ್ಲ. ಅದರ ವೆಚ್ಚವನ್ನು ಯಾರು, ಎಷ್ಟು, ಯಾವಾಗ ಹೊರಬೇಕು ಎಂಬ ತೀರ್ಮಾನದಲ್ಲಿ ತಮ್ಮ ಮಾತಿಗೂ ಬೆಲೆಯಿರಬೇಕು ಎಂದರು. ಸಾರ್ವಜನಿಕ ವೆಚ್ಚದ ಬಗ್ಗೆ ಈ ಸೀಮೆಯ ರೈತರು ಒಟ್ಟಾಗಿ ಎತ್ತಿದ ಮೊದಲ ದೊಡ್ಡ ಪ್ರಶ್ನೆ ಇದು.

ಪ್ರಶ್ನೆ ಅಲ್ಲಿಂದ ರಾಜಕೀಯಕ್ಕೆ ಬೆಳೆಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿತು. ಧ್ವಜ ಹಾರಿಸಬಾರದೆಂಬ ನಿಷೇಧಾಜ್ಞೆಯನ್ನು ಮುರಿದು ಬಾವುಟ ಏರಿಸಿದ ನಾಯಕರು ಬಂಧನಕ್ಕೊಳಗಾದರು. ಸತ್ಯಾಗ್ರಹಿಗಳ ಬೇಡಿಕೆ ಜವಾಬ್ದಾರಿ ಸರ್ಕಾರ, ಅಂದರೆ ಅರಮನೆಗಲ್ಲದೆ ಜನರಿಗೆ ಉತ್ತರ ಹೇಳುವ ಸರ್ಕಾರ. ಅದೇ ತಿಂಗಳ 25ರಂದು ಅಂದಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಪೊಲೀಸರು ಹಾರಿಸಿದ ಗುಂಡಿಗೆ ಜನ ಸತ್ತರು. ಘಟನೆಯ ವಿಚಾರಣೆಗೆ ಸರ್ಕಾರ ವೇಪಾ ರಾಮೇಶಂ ಅವರ ಸಮಿತಿಯನ್ನು ನೇಮಿಸಬೇಕಾಯಿತು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಆದ ಒಪ್ಪಂದದಂತೆ ಕಾಂಗ್ರೆಸ್ ಬಾವುಟಕ್ಕೆ ಮನ್ನಣೆ ಸಿಕ್ಕಿತು. ಜವಾಬ್ದಾರಿ ಸರ್ಕಾರ ಬರಲು 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಶಿವಪುರದ ಸತ್ಯಾಗ್ರಹ ಸೌಧ ಈ ಹೋರಾಟದ ಗುರುತಾಗಿ ನಿಂತಿದೆ.

ಶಾನುಭೋಗರ ಪುಸ್ತಕದಿಂದ ಪಹಣಿ ಕಿಟಕಿಗೆ

ಸ್ವಾತಂತ್ರ್ಯದ ನಂತರ ಮೊದಲು ಮುರಿದದ್ದು ಹಳ್ಳಿಯ ಲೆಕ್ಕದ ಮೇಲಿನ ವಂಶಪಾರಂಪರ್ಯ ಹಿಡಿತ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯಿಂದ ಪಟೇಲ, ಶಾನುಭೋಗ ಹುದ್ದೆಗಳು ಹೋಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಆದರೂ ಪುಸ್ತಕ ಒಬ್ಬರ ಚೀಲದಲ್ಲೇ ಉಳಿಯಿತು. ಪಹಣಿ ಬೇಕಾದ ರೈತ ಲೆಕ್ಕಿಗರು ಸಿಗುವವರೆಗೆ ಅಲೆಯುವುದು ತಪ್ಪಲಿಲ್ಲ.

ಇದನ್ನು ಬದಲಿಸಿದ್ದು ‘ಭೂಮಿ’ ಯೋಜನೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 1999ರಿಂದ 2004ರ ಅವಧಿಯಲ್ಲಿ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವರಿಗೆ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟುಪಾಡು ಅಧಿಕಾರಿಯ ಮರ್ಜಿಗೆ ಕಡಿವಾಣ ಹಾಕಿತು.

ಅದೇ ಕಾಲದಲ್ಲಿ ಇನ್ನೆರಡು ಕಾನೂನುಗಳು ನೆಲೆಗೊಂಡವು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯ್ದೆ (1999) ಸರ್ಕಾರಿ ಖರೀದಿ ಮತ್ತು ಗುತ್ತಿಗೆಗೆ ಬಹಿರಂಗ ಟೆಂಡರಿನ ನಿಯಮ ತಂದಿತು. ಕರ್ನಾಟಕ ಮಾಹಿತಿ ಹಕ್ಕು ಕಾಯ್ದೆ (2000), ಕೇಂದ್ರದ 2005ರ ಕಾಯ್ದೆಗೆ ಮೊದಲೇ, ಕಡತ ಕೇಳುವ ಹಕ್ಕು ಕೊಟ್ಟಿತು. 2012ರಲ್ಲಿ ಜಾರಿಯಾದ ‘ಸಕಾಲ’ ಜನನ ಪ್ರಮಾಣಪತ್ರದಿಂದ ಹಿಡಿದು ಖಾತೆಯವರೆಗೆ ಹಲವು ಸೇವೆಗಳಿಗೆ ಗಡುವು ಕಟ್ಟಿತು. ತಡವಾದರೆ ಅರ್ಜಿದಾರರು ಪರಿಹಾರ ಕೇಳಬಹುದು.

ಪಂಚಾಯಿತಿ ವ್ಯವಸ್ಥೆಯೂ ಈ ದಾರಿಯಲ್ಲೇ ಬೆಳೆಯಿತು. ಅಬ್ದುಲ್ ನಜೀರ್‌ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಚುನಾವಣೆ ನಡೆಯಿತು. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಗೆ ಭದ್ರ ನೆಲೆ ಕೊಟ್ಟಿತು. ಹೊಸ ಅರ್ಥದ ಜಮಾಬಂದಿ ಬಂದದ್ದು ಈ ವ್ಯವಸ್ಥೆಯಲ್ಲೇ. 2005ರ ಉದ್ಯೋಗ ಖಾತ್ರಿ ಕಾಯ್ದೆಯು ಕೂಲಿ ಪಟ್ಟಿಯನ್ನು ಊರ ಮುಂದೆ ಓದಿ, ಕೆಲಸ ಮಾಡಿದವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳುವ ಸಾಮಾಜಿಕ ಪರಿಶೋಧನೆಯನ್ನು ಕಡ್ಡಾಯ ಮಾಡಿತು.

ಲೋಕಾಯುಕ್ತ

ರಾಮಕೃಷ್ಣ ಹೆಗಡೆ ಸರ್ಕಾರದ ಕಾಲದಲ್ಲಿ ಅಂಗೀಕಾರವಾದ ಕರ್ನಾಟಕ ಲೋಕಾಯುಕ್ತ ಕಾಯ್ದೆ (1984) 1986ರ ಜನವರಿಯಲ್ಲಿ ಜಾರಿಗೆ ಬಂತು. ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರು. 2001ರಲ್ಲಿ ಬಂದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು ಕಚೇರಿ, ಆಸ್ಪತ್ರೆಗಳಿಗೆ ದಿಢೀರ್ ಭೇಟಿ ಕೊಡತೊಡಗಿದ ಮೇಲೆ ‘ಲೋಕಾಯುಕ್ತ’ ಹಳ್ಳಿಹಳ್ಳಿಯ ಮಾತಾಯಿತು.

ನಂತರ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಸಲ್ಲಿಸಿದ ವರದಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಂದಾಜಿಸಿತು. ವರದಿಯಲ್ಲಿ ಹೆಸರು ಬಂದ ಬಿ.ಎಸ್. ಯಡಿಯೂರಪ್ಪ, ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿದವರು, ಅದೇ ತಿಂಗಳ 31ರಂದು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಅವರ ಕುಟುಂಬದ ಟ್ರಸ್ಟಿಗೆ ಬಂದ ದೇಣಿಗೆಯ ಪ್ರಕರಣದಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ಅವರನ್ನು ಖುಲಾಸೆಗೊಳಿಸಿತು. ವರದಿ ಒಂದು, ತೀರ್ಪು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಮನಗಾಣುವುದೂ ಉತ್ತರದಾಯಿತ್ವದ ಭಾಗವೇ.

2015ರಲ್ಲಿ ಲೋಕಾಯುಕ್ತ ಕಚೇರಿಯೊಳಗಿಂದಲೇ ಹಣ ವಸೂಲಿ ನಡೆದ ಆರೋಪ ಬಂದು ಸಂಸ್ಥೆಯ ಮಾನ ಕುಂದಿತು. 2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಅದಕ್ಕೆ ವರ್ಗಾಯಿಸಿತು. ಈ ದಳ ಮುಖ್ಯಮಂತ್ರಿಯ ಹತೋಟಿಯಲ್ಲೇ ಇತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ದಳದ ರಚನೆಯನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ತನಿಖೆ ಎದುರಿಸಬೇಕಾದವರ ಕೈಯಲ್ಲೇ ತನಿಖೆಯ ಲಗಾಮು ಇರಬಾರದೆಂಬ ಪಾಠವನ್ನು ರಾಜ್ಯ ಆರು ವರ್ಷ ಕಳೆದು ಕಲಿಯಿತು.

ಸಾರ್ವಜನಿಕ ವೆಚ್ಚ: ಕಾರ್ಖಾನೆ ಮತ್ತು ಕೊನೆಭಾಗ

ಮಂಡ್ಯದ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ‘ಮೈಷುಗರ್’, 1933ರಲ್ಲಿ ಆರಂಭವಾಯಿತು. ಕೃಷಿ ನಿರ್ದೇಶಕ ಲೆಸ್ಲಿ ಕೋಲ್‌ಮನ್ ಅದರ ಸ್ಥಾಪನೆಗೆ ದುಡಿದವರಲ್ಲಿ ಪ್ರಮುಖರು. ಸರ್ಕಾರದ ಜೊತೆ ರೈತರೂ ಷೇರುದಾರರು. ನಾಲೆ ನೀರು ಕೊಟ್ಟರೆ ಕಾರ್ಖಾನೆ ಮಾರುಕಟ್ಟೆ ಕೊಟ್ಟಿತು. ಜಿಲ್ಲೆಯ ಬದುಕು ಈ ಎರಡರ ಮೇಲೆ ನಿಂತಿತು. ಮುಂದೆ ಕಾರ್ಖಾನೆ ನಷ್ಟಕ್ಕೆ ಇಳಿಯಿತು. ಸರ್ಕಾರಗಳು ಬದಲಾದವು, ಪುನಶ್ಚೇತನಕ್ಕೆಂದು ಮತ್ತೆ ಮತ್ತೆ ಹಣ ಬಂತು, ಆದರೂ ಗಾಣ ನಿಲ್ಲುವುದು ತಪ್ಪಲಿಲ್ಲ. ಖಾಸಗಿಗೆ ವಹಿಸಬೇಕೇ ಬೇಡವೇ ಎಂಬ ದೀರ್ಘ ವಾಗ್ವಾದ ಮತ್ತು ರೈತ ಸಂಘಟನೆಗಳ ಧರಣಿಯ ನಂತರ 2022ರಲ್ಲಿ ಸರ್ಕಾರದ ಒಡೆತನದಲ್ಲೇ ಕಬ್ಬು ಅರೆಯುವುದು ಮತ್ತೆ ಶುರುವಾಯಿತು. ಎಷ್ಟು ಕೋಟಿ ಬಂತು ಎಂಬುದಕ್ಕಿಂತ, ಅಷ್ಟು ಬಂದರೂ ಗಾಣವೇಕೆ ನಿಂತಿತು ಎಂದು ಕಬ್ಬು ಬೆಳೆದವರು ಕೇಳುತ್ತಾ ಬಂದಿದ್ದಾರೆ.

ನಾಲೆಯ ವಿಷಯವೂ ಇದೇ. ವಿಶ್ವೇಶ್ವರಯ್ಯ ನಾಲೆಯ ಆಧುನೀಕರಣವನ್ನು ಕಾವೇರಿ ನೀರಾವರಿ ನಿಗಮ ಕೈಗೊಂಡಿದೆ. ಇಂಥ ಕಾಮಗಾರಿಯ ಪ್ರಗತಿ ಕಡತದಲ್ಲಿ ಕಿಲೋಮೀಟರ್ ಮತ್ತು ಕೋಟಿಗಳಲ್ಲಿ ನಮೂದಾಗುತ್ತದೆ. ಮದ್ದೂರು, ಮಳವಳ್ಳಿಯ ಕೊನೆಭಾಗದ ರೈತರು ಅದನ್ನು ಅಳೆಯುವುದು ತೂಬಿನಲ್ಲಿ ಬಂದ ನೀರಿನಿಂದ. ಲೆಕ್ಕಪರಿಶೋಧನೆ ಹಣ ಖರ್ಚಾಯಿತೇ ಎಂದು ನೋಡುತ್ತದೆ. ಫಲ ಬಂತೇ ಎಂದು ನೋಡಬಲ್ಲವರು ಕೊನೆಭಾಗದವರು.

ನ್ಯಾಯ ಮತ್ತು ರಾಜಕೀಯ

ತನಿಖೆ ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಗುತ್ತದೆ ಎಂಬ ವಿವಾದ ಕರ್ನಾಟಕಕ್ಕೆ ಹೊಸತಲ್ಲ. 1977ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಅವರ ವಿರುದ್ಧದ ಆರೋಪಗಳ ವಿಚಾರಣೆಗೆ ಕೇಂದ್ರದ ಜನತಾ ಸರ್ಕಾರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ನೇಮಿಸಿತು. ಕೆಲವೇ ದಿನ ಮೊದಲು ರಾಜ್ಯವೂ ತನ್ನದೇ ಆಯೋಗ ನೇಮಿಸಿತ್ತು. ಕೇಂದ್ರಕ್ಕೆ ಆ ಅಧಿಕಾರವಿಲ್ಲವೆಂದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಕೇಂದ್ರದ ಕ್ರಮವನ್ನು ಎತ್ತಿಹಿಡಿಯಿತು. ಮುಂದೆ 2011ರಲ್ಲಿ ಯಡಿಯೂರಪ್ಪ ಅವರ ವಿರುದ್ಧ, 2024ರಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧ ಕ್ರಮಕ್ಕೆ ರಾಜ್ಯಪಾಲರು ಅನುಮತಿ ಕೊಟ್ಟಾಗ, ಎರಡೂ ಸಲ ಆಳುವ ಪಕ್ಷ ಅದನ್ನು ರಾಜಕೀಯ ಪ್ರೇರಿತ ಎಂದಿತು, ವಿರೋಧ ಪಕ್ಷ ನ್ಯಾಯದ ನಡೆ ಎಂದಿತು. ಪಕ್ಷಗಳು ಜಾಗ ಬದಲಿಸಿದ್ದವು, ವಾದಗಳು ಬದಲಾಗಿರಲಿಲ್ಲ.

ಮಂಡ್ಯಕ್ಕೆ ಹತ್ತಿರದ ಉದಾಹರಣೆ ತಮಿಳುನಾಡಿನೊಂದಿಗಿನ ಕಾವೇರಿ ನೀರಿನ ವಿವಾದ. ತಮಿಳುನಾಡಿಗೆ ನೀರು ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ 1991ರ ಜೂನ್ 25ರ ಮಧ್ಯಂತರ ಆದೇಶವನ್ನು ತಡೆಯಲು ಬಂಗಾರಪ್ಪ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ತನ್ನ ವಿರುದ್ಧದ ತೀರ್ಮಾನವನ್ನು ತಾನೇ ಅಳಿಸುವುದು ಕಾನೂನಿನ ಆಳ್ವಿಕೆಗೆ ಸಲ್ಲದೆಂದು ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅಭಿಪ್ರಾಯಪಟ್ಟಿತು. ರೈತರ ದಾಹ ನಿಜವಾಗಿತ್ತು, ಜಿ. ಮಾದೇಗೌಡರಂಥ ನಾಯಕರ ಹೋರಾಟಕ್ಕೆ ಅದೇ ಬಲವಾಗಿತ್ತು. ಆದರೆ ಆ ಸಂಕಟವನ್ನು ಕೊನೆಗೆ ಹಗುರ ಮಾಡಿದ್ದು ಸುಗ್ರೀವಾಜ್ಞೆಯಲ್ಲ, ಅಂಕಿ-ಅಂಶಗಳ ಮೇಲೆ ನಡೆದ ದೀರ್ಘ ವಾದ. 2018ರ ಫೆಬ್ರವರಿ 16ರ ತೀರ್ಪು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು.

ಹೊರಗಿನ ಹೋಲಿಕೆ

ಅಮೆರಿಕದಲ್ಲೂ ಇದೇ ಪ್ರಶ್ನೆಗಳಿವೆ. ಅಲ್ಲಿನ ಕಾಂಗ್ರೆಸ್ 1921ರಲ್ಲಿ ಒಕ್ಕೂಟ ಸರ್ಕಾರದ ವೆಚ್ಚ ಪರಿಶೀಲಿಸುವ ಸ್ವತಂತ್ರ ಕಚೇರಿ ಸ್ಥಾಪಿಸಿತು. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1975ರಿಂದ 1988ರವರೆಗೆ ದುಂದುವೆಚ್ಚದ ಉದಾಹರಣೆಗಳನ್ನು ತಿಂಗಳು ತಿಂಗಳು ಹೆಸರಿಸಿ ಜನರ ಮುಂದಿಟ್ಟರು. ವಾಟರ್‌ಗೇಟ್ ಹಗರಣದ ನಂತರ, 1978ರಲ್ಲಿ, ಉನ್ನತ ಅಧಿಕಾರಸ್ಥರ ತನಿಖೆಗೆ ಸ್ವತಂತ್ರ ವಕೀಲರನ್ನು ನೇಮಿಸುವ ಕಾನೂನು ಬಂತು. ಅದು ಪಕ್ಷ ರಾಜಕೀಯದ ಅಸ್ತ್ರವಾಯಿತೆಂಬ ಅಸಮಾಧಾನ ಎರಡೂ ಪಕ್ಷಗಳಲ್ಲಿ ಬೆಳೆದು 1999ರಲ್ಲಿ ನವೀಕರಣವಾಗದೆ ಕೊನೆಗೊಂಡಿತು.

ಇಂದಿನ ನೆಲೆ

ಕಾನೂನಿನ ಸಂಖ್ಯೆಯಲ್ಲಿ ಈ ಸೀಮೆಗೆ ಕೊರತೆಯಿಲ್ಲ. ಕೊರತೆ ಇರುವುದು ಅವುಗಳ ಬಳಕೆಯಲ್ಲಿ. ಜಮಾಬಂದಿ ಸಭೆಗೆ ಊರಿನವರು ಬಾರದಿದ್ದರೆ ಅದು ಸಹಿಯ ಪುಸ್ತಕವಾಗಿ ಮುಗಿಯುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ಗಡುವಿನೊಳಗೆ ಉತ್ತರ ಬಾರದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಇರ್ವಿನ್ ನಾಲೆಯ ರೈತರ ಕೈಯಲ್ಲಿ ಇವಾವುವೂ ಇರಲಿಲ್ಲ. ಗ್ರಾಮಸಭೆಯಾಗಲಿ, ಮಾಹಿತಿ ಹಕ್ಕಾಗಲಿ, ಲೋಕಾಯುಕ್ತವಾಗಲಿ. ಆದರೂ ಅವರು ಲೆಕ್ಕ ಕೇಳಿದರು. ಅವರ ಮೊಮ್ಮಕ್ಕಳಿಗೆ ಇಂದು ಕೇಳುವ ಜಾಗವಿದೆ, ದಿನಾಂಕವಿದೆ, ಉತ್ತರ ಕೊಡಲೇಬೇಕೆಂಬ ಕಾನೂನಿದೆ. ಜಮಾಬಂದಿಯ ದಿನ ಪಂಚಾಯಿತಿ ಕಟ್ಟೆಯ ಮೇಲೆ ಪುಸ್ತಕ ತೆರೆದಾಗ ಅದರ ಮುಂದೆ ಕೂರಲು ಜನ ಬಂದರೆ, ಶಿವಪುರದಲ್ಲಿ ಕೇಳಿದ ಜವಾಬ್ದಾರಿ ಸರ್ಕಾರ ಆ ಊರಿನ ಮಟ್ಟಿಗೆ ಪೂರ್ತಿಯಾದಂತೆ.