ಸಂತ ಬೆನೆಡಿಕ್ಟರ ನಿಯಮ: ಮಂಡ್ಯ ಸೀಮೆಯ ಸನ್ಯಾಸ ಪರಂಪರೆಗಳ ಎದುರಿನಲ್ಲಿ

ಪಶ್ಚಿಮದ ಕ್ರೈಸ್ತ ಸನ್ಯಾಸಕ್ಕೆ ಕಟ್ಟುಕಟ್ಟಳೆ ರೂಪಿಸಿದ ಸಂತ ಬೆನೆಡಿಕ್ಟರ (ಸು. 480–547) ಜೀವನಕ್ಕೆ ಇರುವ ಮುಖ್ಯ ಆಧಾರವೆಂದರೆ, ಅವರು ತೀರಿಕೊಂಡು ಸುಮಾರು ಅರ್ಧ ಶತಮಾನದ ತರುವಾಯ ಪೋಪ್ ಮೊದಲನೆಯ ಗ್ರೆಗೊರಿ ರಚಿಸಿದ ‘ಸಂವಾದಗಳು’ ಕೃತಿಯ ಎರಡನೆಯ ಭಾಗ; ಅದು ಪವಾಡಗಳನ್ನು ಪೋಣಿಸಿದ ಸಂತಚರಿತೆಯಾದುದರಿಂದ ಎಚ್ಚರದಿಂದ ಓದಬೇಕಾಗುತ್ತದೆ. ಇಟಲಿಯ ನೂರ್ಸಿಯದಲ್ಲಿ ಹುಟ್ಟಿದ ಬೆನೆಡಿಕ್ಟರು ರೋಮಿನ ವ್ಯಾಸಂಗವನ್ನು ನಡುವೆಯೇ ತೊರೆದು, ಸುಬಿಯಾಕೊದ ಗವಿಯಲ್ಲಿ ಮೂರು ವರ್ಷ ಏಕಾಂತದಲ್ಲಿದ್ದು, ಬಳಿಕ ಶಿಷ್ಯರನ್ನು ಹನ್ನೆರಡು ಚಿಕ್ಕ ಮಠಗಳಲ್ಲಿ ನೆಲೆಗೊಳಿಸಿ, ಸು. 529ರಲ್ಲಿ ಮೊಂಟೆ ಕಸ್ಸಿನೊ ಬೆಟ್ಟವನ್ನು ಸೇರಿದರೆಂಬುದು ಆ ಕಥನದ ತಿರುಳು.

ಪವಾಡಗಳಿಗಿಂತ ಹೆಚ್ಚು ಬಾಳಿದ್ದು ಅವರ ‘ನಿಯಮ’. ಪೀಠಿಕೆ ಮತ್ತು 73 ಅಧ್ಯಾಯಗಳ ಈ ಕಿರುಗ್ರಂಥ, ಪ್ರಾರ್ಥನೆ, ಧ್ಯಾನಪೂರ್ವಕ ಓದು ಹಾಗೂ ಮೈಗೆಲಸಗಳಿಗೆ ದಿನವನ್ನು ಹಂಚುತ್ತದೆ. ಮಠಾಧಿಪತಿಯನ್ನು ಮಠವಾಸಿಗಳೇ ಆರಿಸಬೇಕೆಂದೂ, ಮುಖ್ಯ ವಿಷಯಗಳಲ್ಲಿ ಅತಿ ಕಿರಿಯನ ಮಾತನ್ನೂ ಕೇಳಬೇಕೆಂದೂ ವಿಧಿಸುತ್ತದೆ. ಮೊದಲ ಅಧ್ಯಾಯದಲ್ಲೇ ಅದು ಮಠದಿಂದ ಮಠಕ್ಕೆ ಅಲೆಯುವ ಸನ್ಯಾಸಿಗಳನ್ನು ಕಟುವಾಗಿ ಹಳಿಯುತ್ತದೆ. 58ನೆಯ ಅಧ್ಯಾಯದಲ್ಲಿ ಸ್ಥಿರವಾಸದ, ಎಂದರೆ ಸೇರಿದ ಮಠದಲ್ಲೇ ಕೊನೆಯವರೆಗೂ ಇರುವ, ವ್ರತವನ್ನು ಕೇಳುತ್ತದೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರು, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗಳ ಜೈನ ನೆಲೆಗಳನ್ನು ಬಲ್ಲ ಓದುಗರಿಗೆ ಇದು ವಿಚಿತ್ರವೆನಿಸೀತು. ಏಕೆಂದರೆ ಜೈನ ಮುನಿ ಚಾತುರ್ಮಾಸದಲ್ಲಿ ಮಾತ್ರ ಒಂದೆಡೆ ನಿಂತು, ಉಳಿದ ಕಾಲ ವಿಹರಿಸಬೇಕಾದವನು. ಅಲ್ಲಿ ಸ್ಥಳದ ಮೋಹವೇ ಬಂಧನ; ಬೆನೆಡಿಕ್ಟರಿಗಾದರೋ ಅಲೆಮಾರಿಯು ತನ್ನ ಇಚ್ಛೆಗೇ ದಾಸ. ಎರಡೂ ಕಡೆ ಗುರಿ ನಿರ್ಮೋಹವೇ ಆಗಿರುವುದರಿಂದ, ಈ ಭೇದವನ್ನು ವಿರೋಧವೆಂದು ಕರೆಯುವುದು ಅವಸರವಾದೀತು.

ಮಂಡ್ಯ ಸೀಮೆ ಮೊದಲು ಕಂಡ ಕ್ರೈಸ್ತ ಗುರುಗಳು ಬೆನೆಡಿಕ್ಟರ ಬಗೆಯ ಮಠವಾಸಿಗಳಲ್ಲ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯಾಗಲಿ, 1799ರ ನಂತರ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿ 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದುಬೊಯ್ ಆಗಲಿ ಊರೂರು ಸುತ್ತುವ ಧರ್ಮಪ್ರಚಾರಕರು. ದುಬೊಯ್ ದೇಶೀ ಉಡುಪು, ಆಹಾರಗಳನ್ನು ಅಳವಡಿಸಿಕೊಂಡಿದ್ದರೂ ಮಠವಾಸಿಯಲ್ಲ.

ಬೆನೆಡಿಕ್ಟರ ನಿಯಮ ಈ ದಿಕ್ಕಿಗೆ ಬಂದದ್ದು 20ನೆಯ ಶತಮಾನದಲ್ಲಿ. ಬೆಲ್ಜಿಯಮ್ಮಿನ ಬ್ರೂಗ್ಸ್ ಬಳಿಯ ಸಂತ ಅಂದ್ರೆಯರ ಮಠದ ಕವಲಾಗಿ ಸೇಲಂ ಸಮೀಪದ ಸಿಲುವೈಗಿರಿಯಲ್ಲಿ ಆರಂಭವಾದ ಮಠವು 1957ರಲ್ಲಿ ಬೆಂಗಳೂರಿನಿಂದ ಮದ್ದೂರು, ಮಂಡ್ಯಗಳತ್ತ ಸಾಗುವ ಮೈಸೂರು ರಸ್ತೆಯ ಕೆಂಗೇರಿಯಾಚೆಗೆ ಸ್ಥಳಾಂತರಗೊಂಡು ಆಶೀರ್ವನವೆನಿಸಿತು. ಸ್ಥಿರವಾಸವನ್ನು ಬೋಧಿಸುವ ಪರಂಪರೆಯ ಮಠವೇ ಹೀಗೆ ನೆಲೆ ಬದಲಿಸಬೇಕಾಯಿತೆಂಬುದು ಗಮನಾರ್ಹ. ಇದಕ್ಕೂ ಮುನ್ನ, 1955ರಲ್ಲಿ, ಇಂಗ್ಲೆಂಡಿನ ಬೆನೆಡಿಕ್ಟೀನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಕೆಂಗೇರಿಯಲ್ಲೇ ಮಠವೊಂದನ್ನು ಕಟ್ಟಲೆತ್ನಿಸಿದ್ದರು. ಅದು ಕೈಗೂಡದೆ 1958ರಲ್ಲಿ ಕೇರಳದ ಕುರಿಸುಮಲೆಗೂ, 1968ರಲ್ಲಿ ತಮಿಳುನಾಡಿನ ಶಾಂತಿವನಕ್ಕೂ ತೆರಳಿದ ಅವರು 1993ರಲ್ಲಿ ಅಲ್ಲಿಯೇ ತೀರಿಕೊಂಡರು.