ವಾಸದ ಮನೆಯೂ ವರಮಾನದ ತೆರಿಗೆಯೂ

ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ ಮಾಂಟ್ರೋಸ್ ಎಂಬ ರೇವುಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಯ ಬ್ಯಾಂಕ್ ಶಾಖೆಯೊಂದರ ಏಜೆಂಟನು ಬ್ಯಾಂಕಿನ ಕಟ್ಟಡದಲ್ಲಿಯೇ ವಾಸವಾಗಿದ್ದನು. ಕಟ್ಟಡದ ಕಾವಲು ಅವನ ಹೊಣೆಯಾದುದರಿಂದ ಅಲ್ಲಿರುವುದು ಕರ್ತವ್ಯದ ಭಾಗವಾಗಿದ್ದಿತೇ ಹೊರತು ಅವನ ಇಷ್ಟಕ್ಕೆ ಬಿಟ್ಟುದಾಗಿರಲಿಲ್ಲ. ಆ ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವ ಅಧಿಕಾರವೂ ಅವನಿಗಿರಲಿಲ್ಲ. ಅವನ ಇತರ ವರಮಾನವು ವರ್ಷಕ್ಕೆ 400 ಪೌಂಡಿಗೆ ಕಡಮೆಯಾಗಿದ್ದಿತು. ತೆರಿಗೆಯ ಅಧಿಕಾರಿಯು ಮನೆಯ ಬೆಲೆಯನ್ನು 50 ಪೌಂಡೆಂದು ಕಟ್ಟಿ ಕೂಡಿಸಲು, ಮೊತ್ತವು 400ನ್ನು ಮೀರಿತು. 1876ರ ಕಾಯಿದೆಯು 400ಕ್ಕೆ ಕಡಮೆ ವರಮಾನವುಳ್ಳವರಿಗೆ 120 ಪೌಂಡುಗಳ ಮೇಲಿನ ತೆರಿಗೆಯನ್ನು ಬಿಟ್ಟುಕೊಡುತ್ತಿದ್ದಿತು. ಆದುದರಿಂದ ಐವತ್ತು ಪೌಂಡಿನ ಮನೆಗಾಗಿ ಅವನು 170 ಪೌಂಡುಗಳ ಮೇಲೆ ಹೆಚ್ಚಿನ ತೆರಿಗೆ ತೆರಬೇಕಾಗಿ ಬಂದಿತು. ಸಾಧಾರಣ ಸಂಬಳದವನಿಗೆ ಇದು ಅಲ್ಪ ಸಂಗತಿಯಲ್ಲ.

ಟೆನೆಂಟ್ ಮತ್ತು ಸ್ಮಿತ್ ಎಂಬವರ ಈ ವ್ಯಾಜ್ಯವು 1892ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಭೆಯಲ್ಲಿ ಏಜೆಂಟನ ಪರವಾಗಿ ತೀರ್ಮಾನವಾಯಿತು. ಜೇಬಿಗೆ ಬರುವುದಕ್ಕೆ ತೆರಿಗೆಯುಂಟು, ಜೇಬಿನಿಂದ ಹೋಗದೆ ಉಳಿಯುವುದಕ್ಕೆ ಇಲ್ಲ ಎಂಬುದು ಲಾರ್ಡ್ ಮ್ಯಾಕ್‌ನಾಟನ್ನರ ಅಭಿಪ್ರಾಯದ ಸಾರ. ಹಣವಾಗಿ ಮಾರ್ಪಡಿಸಲಾರದ ಸೌಕರ್ಯವು ವರಮಾನವಲ್ಲವೆಂಬ ಸೂತ್ರವು ಇದರಿಂದ ನೆಲೆಗೊಂಡಿತು. ಏಜೆಂಟನಿಗೆ ನ್ಯಾಯ ದೊರಕಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನಷ್ಟೇ ಸಂಬಳವುಳ್ಳ ಇನ್ನೊಬ್ಬ ನೌಕರನು ಮನೆಯ ಬದಲು ಬಾಡಿಗೆಯ ಹಣವನ್ನು ಕೈಯಲ್ಲಿ ಪಡೆದಿದ್ದರೆ, ಆ ಹಣವು ಮನೆಯ ಒಡೆಯನಿಗೆ ಹಾಗೆಯೇ ಸಂದುಹೋದರೂ, ಅದಕ್ಕೆ ತೆರಿಗೆ ತಪ್ಪುತ್ತಿರಲಿಲ್ಲ. ಸೂರು ಒಂದೇ, ತೆರಿಗೆ ಎರಡು ಬಗೆ.

ಇಂಡಿಯಾ ದೇಶದಲ್ಲಿ ಈ ತೆರಿಗೆಯನ್ನು 1860ರಲ್ಲಿ ಮೊದಲು ತಂದವನು ಜೇಮ್ಸ್ ವಿಲ್ಸನ್. ಇಲ್ಲಿಯ ಕಾಯಿದೆಯು ಮಾಂಟ್ರೋಸಿನ ಸೂತ್ರವನ್ನು ಕೊನೆಯವರೆಗೆ ಅನುಸರಿಸಲಿಲ್ಲ. ಯಜಮಾನನು ಕೊಟ್ಟ ಮನೆಯಲ್ಲಿ ಬಾಡಿಗೆಯಿಲ್ಲದೆ ವಾಸಿಸುವ ಹಕ್ಕೂ ಸಂಬಳದೊಡನೆ ಬರುವ ಲಾಭವೇ ಎಂದು 1922ರ ಕಾಯಿದೆಯ 7ನೆಯ ಪ್ರಕರಣಕ್ಕೆ ಸೇರಿದ ವಿವರಣೆಯು ಸ್ಪಷ್ಟಪಡಿಸಿತು. 1961ರ ಕಾಯಿದೆಯೂ ಆ ದಾರಿಯನ್ನೇ ಹಿಡಿಯಿತು. ಬಾಡಿಗೆ ತೆರುವವನ ಕಷ್ಟಕ್ಕೆ ಪರಿಹಾರ ಬಂದುದು 1964ರಲ್ಲಿ, 10ನೆಯ ಪ್ರಕರಣಕ್ಕೆ 13ಎ ಎಂಬ ಉಪವಿಧಿಯು ಸೇರಿದಾಗ. ಅದರಂತೆ ಮನೆ ಬಾಡಿಗೆಯ ಭತ್ಯದಲ್ಲಿ ಒಂದು ಪಾಲು ತೆರಿಗೆಯಿಂದ ಮುಕ್ತವಾಯಿತು. ಸ್ವಂತ ಮನೆಯಲ್ಲಿರುವವನಿಗೆ ಇದು ಸಲ್ಲದು.

1962ರ ನಿಯಮಾವಳಿಯಲ್ಲಿ ನೆಲೆಗೊಂಡ ಲೆಕ್ಕವು ಹೀಗಿದ್ದಿತು: ಪಡೆದ ಭತ್ಯ, ಸಂಬಳದ ಹತ್ತನೆಯ ಒಂದು ಭಾಗವನ್ನು ಕಳೆದ ಬಾಡಿಗೆ, ಮುಂಬಯಿ, ಕಲಕತ್ತೆ, ದೆಹಲಿ, ಮದರಾಸುಗಳಲ್ಲಿ ಸಂಬಳದ ಅರ್ಧ, ಉಳಿದೆಡೆ ನೂರಕ್ಕೆ 40, ಈ ಮೂರರಲ್ಲಿ ಯಾವುದು ಕಡಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಬೆಂಗಳೂರು ಎಷ್ಟು ಬೆಳೆದರೂ ಆ ನಿಯಮಾವಳಿಯಲ್ಲಿ ಉಳಿದೆಡೆಗಳ ಸಾಲಿನಲ್ಲಿಯೇ ಉಳಿಯಿತು. ತಿಂಗಳಿಗೆ ಲಕ್ಷ ರೂಪಾಯಿ ಮೂಲ ಸಂಬಳವೂ 40,000 ಭತ್ಯವೂ ಇದ್ದು 30,000 ಬಾಡಿಗೆ ತೆರುವ ಬೆಂಗಳೂರಿನ ನೌಕರನಿಗೆ ಇದರಂತೆ 20,000 ಮುಕ್ತ. ಮಿಕ್ಕ 20,000 ವರಮಾನಕ್ಕೆ ಸೇರುವುದು.

ಭತ್ಯವು ವರಮಾನವೇ ಅಲ್ಲ, ಬಾಡಿಗೆಯ ನಷ್ಟವನ್ನು ತುಂಬುವ ಹಣ ಮಾತ್ರ ಎಂಬ ನೌಕರರ ವಾದವನ್ನು ಸುಪ್ರೀಂ ಕೋರ್ಟು 2000ದಲ್ಲಿ, ಆಗ್ರಾದ ಕರ್ಮಚಾರಿ ಯೂನಿಯನ್ನಿನ ವ್ಯಾಜ್ಯದಲ್ಲಿ, ತಳ್ಳಿಹಾಕಿತು. ಅಂದಮೇಲೆ ವಿನಾಯಿತಿಯು ಶಾಸನದ ಅನುಗ್ರಹವೇ ಹೊರತು ಹಕ್ಕಲ್ಲ; ಕೊಟ್ಟ ಕೈ ಹಿಂದಕ್ಕೆ ತೆಗೆದುಕೊಳ್ಳಲೂಬಹುದು. 2020ರ ಹಣಕಾಸಿನ ಕಾಯಿದೆಯು ಕಡಮೆ ದರದ ಹೊಸ ಕ್ರಮವೊಂದನ್ನು ತಂದು, ಅದನ್ನು ಆರಿಸಿಕೊಂಡವರಿಗೆ ಈ ವಿನಾಯಿತಿಯನ್ನು ಇಲ್ಲವಾಗಿಸಿತು. 2023ರಲ್ಲಿ ಆ ಕ್ರಮವೇ, ಬೇರೆಯದನ್ನು ಕೇಳಿಕೊಳ್ಳದವರಿಗೆಲ್ಲ ಅನ್ವಯಿಸುವ ಸಾಮಾನ್ಯ ಕ್ರಮವಾಯಿತು.

ಯಜಮಾನನೇ ಮನೆ ಕೊಟ್ಟರೆ ಅದರ ಬೆಲೆ ಕಟ್ಟುವ ಬಗೆಯಾದರೋ ಬೇರೆ. 2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ನಿಯಮದಂತೆ, ಖಾಸಗಿ ಯಜಮಾನನು ತಾನೇ ಬಾಡಿಗೆಗೆ ಹಿಡಿದು ಕೊಟ್ಟ ಮನೆಗೆ, ಆ ಬಾಡಿಗೆ ಅಥವಾ ಸಂಬಳದ ನೂರಕ್ಕೆ 10, ಇವೆರಡರಲ್ಲಿ ಕಡಮೆಯಾದುದೇ ಬೆಲೆ. ಮೇಲೆ ಹೇಳಿದ ನೌಕರನು ಹೊಸ ಕ್ರಮದಲ್ಲಿದ್ದರೆ ಅವನ 40,000 ರೂಪಾಯಿ ಭತ್ಯವೆಲ್ಲವೂ ತೆರಿಗೆಗೆ ಒಳಪಡುವುದು. ಭತ್ಯವನ್ನು ಬಿಟ್ಟು, 30,000 ರೂಪಾಯಿಯ ಅದೇ ಮನೆಯನ್ನು ಯಜಮಾನನ ಹೆಸರಿನಲ್ಲಿ ಹಿಡಿಸಿಕೊಂಡಿದ್ದರೆ ಲೆಕ್ಕಕ್ಕೆ ಬರುತ್ತಿದ್ದುದು 10,000 ಮಾತ್ರ.