ಒಂದೇ ಲಂಚ, ಎರಡು ಕಾರಣ

ಲಂಚದ ಮಾತು ಬಂದರೆ ‘ಅದು ನಮ್ಮವರಿಗೆ ರಕ್ತಗತ’ ಎನ್ನುವವರು ಇದ್ದೇ ಇರುತ್ತಾರೆ. ಈ ಮಾತಿಗೂ ಒಂದು ಚರಿತ್ರೆಯಿದೆ ಎಂದು ನನಗೆ ಹೊಳೆದದ್ದು ಕಂಪನಿ ಕಾಲದ ಬಂಗಾಳವನ್ನು ಓದುವಾಗ.

1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು ಸಿಕ್ಕಿತು. ಅದರ ನೌಕರರಿಗೆ ಸಂಬಳ ಅತ್ಯಲ್ಪ. ಖಾಸಗಿ ವ್ಯಾಪಾರ, ನಜರಾಣೆಗಳಿಂದ ಸಿರಿವಂತರಾಗಿ ಊರಿಗೆ ಮರಳಿದವರನ್ನು ಇಂಗ್ಲೆಂಡಿನ ಜನ ‘ನಬಾಬ’ರೆಂದು ಹಂಗಿಸುತ್ತಿದ್ದರು.

1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಕಾರ್ನ್‌ವಾಲಿಸ್, ಬ್ರಿಟಿಷ್ ಅಧಿಕಾರಿಗಳ ಲಂಚಕ್ಕೆ ಕಡಿಮೆ ಸಂಬಳವೇ ಕಾರಣವೆಂದು ಕಂಡ. ಕಲೆಕ್ಟರರ ಸಂಬಳವನ್ನು ತಿಂಗಳಿಗೆ 1,500 ರೂಪಾಯಿಗೆ ಏರಿಸಿ, ಖಾಸಗಿ ವ್ಯಾಪಾರಕ್ಕೆ ತಡೆ ಹಾಕಿದ. ಭಾರತೀಯರ ಲಂಚಕ್ಕೆ ಮಾತ್ರ ಅವರ ಸ್ವಭಾವವೇ ಕಾರಣವೆಂದು ನಂಬಿ, ಅವರನ್ನು ಮೇಲಿನ ಹುದ್ದೆಗಳಿಂದ ಹೊರಗಿಟ್ಟ. ತಮ್ಮವರಿಗೆ ಸಂಬಳದ ಮದ್ದು, ನಮ್ಮವರಿಗೆ ಹಣೆಪಟ್ಟಿ!

ಪರಿಣಾಮವೇನು? ಕೆಳಗಿನ ಭಾರತೀಯ ನೌಕರನಿಗೆ ಅಲ್ಪ ಸಂಬಳ, ಬಡ್ತಿಯ ಆಸೆಯಿಲ್ಲ. ಆದರೆ ಊರಿನ ಭಾಷೆ, ದಾಖಲೆ, ವಸೂಲಿ ಎಲ್ಲ ಅವನ ಕೈಯಲ್ಲಿ. ಪೊಲೀಸ್ ಠಾಣೆಯ ದಾರೋಗ ಸುಲಿಗೆಗೆ ಕುಖ್ಯಾತನಾದ. ಹಣೆಪಟ್ಟಿಯೇ ತನ್ನ ಸಾಕ್ಷಿಯನ್ನು ಹುಟ್ಟಿಸಿಕೊಂಡಿತು.

ಸಂಸ್ಕೃತಿಗೆ ಇದರಲ್ಲಿ ಪಾಲಿಲ್ಲವೆಂದಲ್ಲ. ದೊಡ್ಡವರನ್ನು ಬರಿಗೈಯಲ್ಲಿ ಕಾಣಬಾರದೆಂಬ ರೂಢಿ ನಮ್ಮಲ್ಲಿತ್ತು. ಆದರೆ ಮೊಗಲ್ ದರ್ಬಾರಿನಲ್ಲಿ ನಜರಾಣೆ ಎಲ್ಲರೆದುರೇ ಸಲ್ಲುತ್ತಿತ್ತು. ಪ್ರತಿಯಾಗಿ ಖಿಲ್ಲತ್ತಿನ ಮರ್ಯಾದೆಯೂ ಸಿಗುತ್ತಿತ್ತು. ಅದೇ ಕಾಣಿಕೆ ಲೆಕ್ಕ ಕೇಳುವವರಿಲ್ಲದ ಕಚೇರಿಯ ಹಿಂಬಾಗಿಲಿಗೆ ಬಂದಾಗ ಸುಲಿಗೆಯಾಯಿತು.

ಹಾಗಾಗಿ ‘ರಕ್ತಗತ’ ಎನ್ನುವ ಮುನ್ನ ನಾನು ಮೊದಲು ಕೇಳುವುದು ಇಷ್ಟು: ಸಂಬಳವೆಷ್ಟು, ಅಧಿಕಾರವೆಷ್ಟು, ಲೆಕ್ಕ ಕೇಳುವವರು ಯಾರು?